ಕಾರಿಲ್ಲದ ಕಾರ್ ಶೆಡ್ಡು

ಶಿವಮೊಗ್ಗದಲ್ಲಿ ನಾವು ಮನೆ ಕಟ್ಟಿಸಿದ್ದು 1989ರಲ್ಲಿ. ನಕ್ಷೆ ಬರೆದವರು, "ಸಾರ್, ಇವತ್ತಲ್ಲ ನಾಳೆ ಕಾರು ತಗೊಳ್ತೀರಿ, ಪಕ್ಕದಲ್ಲಿ ಶೆಡ್ಡಿಗೆ ಜಾಗ ಬಿಡಿ" ಎಂದರು. ಬಿಟ್ಟೆ. 10 ಅಡಿ ಅಗಲ, 16 ಅಡಿ ಉದ್ದ, ಮೇಲೆ ಶೀಟು, ಮುಂದೆ ಶಟರು. ಕಾರು ಮಾತ್ರ ಬರಲಿಲ್ಲ. ಬ್ಯಾಂಕಿನ ಗುಮಾಸ್ತನ ಸಂಬಳದಲ್ಲಿ ಇಬ್ಬರು ಮಕ್ಕಳ ಓದು, ಮಗಳ ಮದುವೆ, ಮನೆಸಾಲದ ಕಂತು ಎಲ್ಲ ಮುಗಿಯುವ ಹೊತ್ತಿಗೆ ನನ್ನ ಕಣ್ಣಿಗೆ ಕನ್ನಡಕದ ಮೇಲೆ ಕನ್ನಡಕ ಬಂದಿತ್ತು. ಆದರೂ ನಮ್ಮ ಮನೆಯಲ್ಲಿ ಅದಕ್ಕೆ ಇವತ್ತಿಗೂ ಕಾರ್ ಶೆಡ್ಡು ಎಂದೇ ಹೆಸರು.

ಕಾರಿಲ್ಲದಿದ್ದರೇನು, ಶೆಡ್ಡು ಖಾಲಿ ಇರಲಿಲ್ಲ. ನನ್ನ ಸ್ಕೂಟರು, ಮೊಮ್ಮಕ್ಕಳ ಎರಡು ಸೈಕಲ್ಲು, ಏಣಿ, ಹಾರೆ, ಗುದ್ದಲಿ, ಅರ್ಧ ಉಳಿದ ಬಣ್ಣದ ಡಬ್ಬಗಳು, ಬಿಚ್ಚಿ ಹಾಕಿದ ಹಳೆಯ ನಲ್ಲಿಗಳು, ಒಂದು ಮೊಳ ಎರಡು ಮೊಳ ವೈರಿನ ತುಂಡುಗಳು, "ಯಾವತ್ತಾದರೂ ಬೇಕಾಗುತ್ತದೆ" ಎಂದು ಇಟ್ಟ ಸಾವಿರ ಸಾಮಾನು. ನಿವೃತ್ತನಾದ ಮೇಲೆ ಮನೆಯ ಸಣ್ಣಪುಟ್ಟ ರಿಪೇರಿ ನನ್ನದೇ ಖಾತೆ. ಹಾಗಾಗಿ ಶೆಡ್ಡು ನನ್ನ ರಾಜ್ಯ. ಅಲ್ಲಿ ಯಾರಿಗೂ ಏನೂ ಸಿಗುತ್ತಿರಲಿಲ್ಲ. ನನಗೆ ಮಾತ್ರ ಸಿಗುತ್ತದೆ ಎಂದು ನಾನು ಹೇಳಿಕೊಂಡು ತಿರುಗುತ್ತಿದ್ದೆ. ಅದೂ ಪೂರ್ತಿ ನಿಜವಲ್ಲ.

ಈ ವರ್ಷ ಗಣೇಶನ ಹಬ್ಬಕ್ಕೆ ಮೊದಲು ಗೇಟಿಗೆ ಬಣ್ಣ ಬಳಿದೆ. ಸ್ವಲ್ಪ ಥಿನ್ನರ್ ಉಳಿಯಿತು. ತಂದ ಡಬ್ಬಿಯ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ. ಅಲ್ಲೇ ಬಿದ್ದಿದ್ದ ಒಂದು ಜ್ಯೂಸ್ ಬಾಟಲಿಗೆ ಸುರಿದು, ಬಿಗಿಯಾಗಿ ತಿರುಗಿಸಿ, ಸ್ಕೂಟರಿನ ಪಕ್ಕದ ಕಟ್ಟೆಯ ಮೇಲಿಟ್ಟೆ. ನಾಳೆ ಒಳಗಿಟ್ಟರಾಯಿತು ಅಂದುಕೊಂಡೆ. ಆ ನಾಳೆ ಮೂರು ವಾರ ಬರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಆರು ವರ್ಷದ ಮೊಮ್ಮಗ ಬೀದಿಯಲ್ಲಿ ಕ್ರಿಕೆಟ್ ಆಡಿ, ಬೆವರು ಸುರಿಸಿಕೊಂಡು, ಬ್ಯಾಟು ಇಡಲು ಶೆಡ್ಡಿಗೆ ಬಂದ. ಬಾಯಾರಿಕೆ. ಕಣ್ಣೆದುರಿಗೆ ಜ್ಯೂಸ್ ಬಾಟಲಿ. ಅವನ ಅಕ್ಕ ಹಿಂದೆಯೇ ಬಂದವಳು, "ಅದು ಬೇಡ ಕಣೋ!" ಎಂದು ಕೂಗಿದ್ದು ನನಗೆ ಒಳಗೆ ಕೇಳಿಸಿತು. ನಾನು ಓಡಿ ಬರುವಷ್ಟರಲ್ಲಿ ಬಾಟಲಿ ನೆಲದ ಮೇಲೆ ಉರುಳುತ್ತಿತ್ತು. ಹುಡುಗನ ಅಂಗಿ ಒದ್ದೆ, ಕಣ್ಣಲ್ಲಿ ನೀರು, ಕೆಮ್ಮು.

ಆಮೇಲಿನ ಹತ್ತು ನಿಮಿಷ ನನಗೆ ಈಗಲೂ ಸರಿಯಾಗಿ ಜೋಡಿಸಿ ಹೇಳಲು ಬರುವುದಿಲ್ಲ. ಪಕ್ಕದ ಮನೆಯವರು ಒಳ್ಳೆಯ ಮನಸ್ಸಿನಿಂದಲೇ ಉಪ್ಪುನೀರು ಕಲಸಿ ತಂದರು, ಕುಡಿಸಿ ವಾಂತಿ ಮಾಡಿಸಿ ಎಂದು. ನನ್ನ ಸೊಸೆ ಬೇಡವೆಂದಳು. ಒದ್ದೆ ಅಂಗಿ ಕಳಚಿ, ಮೈ ತೊಳೆದು, ಆ ಬಾಟಲಿಯನ್ನೂ ಕೈಯಲ್ಲಿ ಹಿಡಿದುಕೊಂಡು ಮಗನೊಂದಿಗೆ ಆಟೋ ಹತ್ತಿದಳು. ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದೇ, "ವಾಂತಿ ಮಾಡಿಸಿದಿರಾ?" ಎಂದು. ಇಲ್ಲ ಎಂದಾಗ, "ಒಳ್ಳೆಯದಾಯಿತು" ಎಂದರಂತೆ. ಸೀಮೆಎಣ್ಣೆ, ಪೆಟ್ರೋಲು, ಥಿನ್ನರ್, ಟರ್ಪೆಂಟೈನ್ ಇಂಥವು ಹೊಟ್ಟೆಗಿಂತ ಶ್ವಾಸಕೋಶಕ್ಕೆ ಹೋದರೆ ಹೆಚ್ಚು ಅಪಾಯ. ವಾಂತಿ ಮಾಡಿಸಿದರೆ ಮೇಲೆ ಬರುವಾಗ ಇನ್ನೊಂದು ಸಲ ಶ್ವಾಸಕೋಶಕ್ಕೆ ಜಾರುವ ಅವಕಾಶ ಕೊಟ್ಟಂತೆ. ಏನನ್ನೂ ಕುಡಿಸದೆ, ಏನು ಕುಡಿದ ಎಂಬ ಗುರುತಿಗೆ ಬಾಟಲಿಯನ್ನೂ ತೆಗೆದುಕೊಂಡು ತಕ್ಷಣ ಆಸ್ಪತ್ರೆಗೆ ಹೋಗುವುದೇ ಸರಿ. ಆರು ಗಂಟೆ ಅವನನ್ನು ಅಲ್ಲೇ ಇಟ್ಟುಕೊಂಡು, ಎಕ್ಸ್‌ರೇ ತೆಗೆದು, ಉಸಿರು ನೋಡುತ್ತಾ ಕೂತರು. ಒಳಗೆ ಹೋಗಿರಲಿಲ್ಲ. ವಾಸನೆಗೇ ಉಗಿದುಬಿಟ್ಟಿದ್ದ. ರಾತ್ರಿ ಮನೆಗೆ ಬಂದು ಎರಡು ದೋಸೆ ತಿಂದ.

ನಾನು ತಿನ್ನಲಿಲ್ಲ. 36 ವರ್ಷ ಬ್ಯಾಂಕಿನಲ್ಲಿ ಸಹಿಯಿಲ್ಲದ ಒಂದು ವೋಚರನ್ನು ಮುಂದಿನ ಮೇಜಿಗೆ ದಾಟಿಸಿದವನಲ್ಲ. ಸಂಜೆ ಲೆಕ್ಕದಲ್ಲಿ ಹತ್ತು ಪೈಸೆ ವ್ಯತ್ಯಾಸ ಬಂದರೆ ರಾತ್ರಿ ಒಂಬತ್ತರವರೆಗೆ ಹುಡುಕಿ ಮನೆಗೆ ಬಂದವನು. ಅಂಥವನು ಹೆಸರಿಲ್ಲದ ಬಾಟಲಿಯಲ್ಲಿ ವಿಷ ತುಂಬಿ ಮೊಮ್ಮಗನ ಎತ್ತರಕ್ಕೆ ಇಟ್ಟಿದ್ದೆ.

ಮರುದಿನ ಮಗ ಹೆಚ್ಚು ಮಾತಾಡಲಿಲ್ಲ. "ಅಪ್ಪಾ, ಗುಜರಿಯವನನ್ನು ಕರೆದು ಎಲ್ಲ ಖಾಲಿ ಮಾಡಿಸಿಬಿಡೋಣ" ಎಂದ, ಅಷ್ಟೇ. ಅವನು ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಆಯುಧ ಪೂಜೆಯವರೆಗೆ ಸಮಯ ಕೊಡು, ಅಷ್ಟರಲ್ಲಿ ಸರಿಹೋಗದಿದ್ದರೆ ನಾನೇ ಗುಜರಿಯವನಿಗೆ ಫೋನು ಮಾಡುತ್ತೇನೆ ಎಂದೆ. ದಸರಾ ರಜೆ ಹತ್ತಿರವಿತ್ತು. ಹನ್ನೊಂದು ವರ್ಷದ ಮೊಮ್ಮಗಳು, "ಅಜ್ಜ, ನಾನೂ ಬರ್ತೀನಿ" ಎಂದಳು. ಅವಳ ಹಿಂದೆ ತಮ್ಮ.

ಬ್ಯಾಂಕಿನಲ್ಲಿ ತಪಾಸಣೆಯವರು ಬಂದರೆ ಮೊದಲು ಮಾಡುವ ಕೆಲಸ, ತಿಜೋರಿಯಲ್ಲಿರುವ ನಗದನ್ನು ಎಣಿಸುವುದು. ಪುಸ್ತಕದಲ್ಲಿ ಏನಿದೆ ಎನ್ನುವುದು ಆಮೇಲೆ. ನಾವೂ ಹಾಗೇ ಮಾಡಿದೆವು. ಮಳೆ ಬಿಟ್ಟಿದ್ದ ಒಂದು ಬೆಳಿಗ್ಗೆ ಅಂಗಳದಲ್ಲಿ ಟಾರ್ಪಾಲು ಹಾಸಿ, ಶೆಡ್ಡಿನಲ್ಲಿದ್ದ ಒಂದೊಂದನ್ನೂ ಹೊರಗೆ ತಂದು ಸುರಿದೆವು. ಮೊಮ್ಮಗಳು ಹಳೆಯ ಲೆಡ್ಜರ್ ಪುಸ್ತಕದಲ್ಲಿ ಬರೆದುಕೊಂಡಳು. ಐದು ಟೆಸ್ಟರ್ ಸಿಕ್ಕವು, ಅದರಲ್ಲಿ ದೀಪ ಹತ್ತುವುದು ಎರಡೇ. ನಾಲ್ಕು ಅಳತೆ ಟೇಪು. ಮೂರು ಹ್ಯಾಕ್ಸಾ ಚೌಕಟ್ಟು, ಒಂದಕ್ಕೂ ಬ್ಲೇಡಿಲ್ಲ. ಕಲ್ಲಾಗಿ ಹೋದ ಎಂ-ಸೀಲ್ ಏಳು. "ಅಜ್ಜ, ನಾಲ್ಕು ಟೇಪು ಯಾಕೆ?" ಎಂದು ಅವಳು ಕೇಳಿದಳು. ಒಂದು ಕಾಣದಿದ್ದಾಗ ಇನ್ನೊಂದು ಕೊಂಡಿದ್ದೆ, ಅಷ್ಟೇ ಉತ್ತರ. ಅಸ್ತವ್ಯಸ್ತಕ್ಕೆ ನಾವು ಕಟ್ಟುವ ಬಡ್ಡಿ ಅದು. ಕಂತು ಕಂತಾಗಿ ಹೋಗುವುದರಿಂದ ಗೊತ್ತಾಗುವುದಿಲ್ಲ.

ಗುಡ್ಡೆಗಳು ಮೂರಾದವು. ಇರುವುದು, ಹೋಗುವುದು, ಮೂರನೆಯದು ಸಸ್ಪೆನ್ಸ್ ಖಾತೆ. ಯಾವ ಲೆಕ್ಕಕ್ಕೆ ಸೇರಬೇಕೆಂದು ತಿಳಿಯದ ಹಣವನ್ನು ಬ್ಯಾಂಕಿನಲ್ಲಿ ತಾತ್ಕಾಲಿಕವಾಗಿ ಇಡುವ ಖಾತೆಗೆ ಆ ಹೆಸರು. ಅದರ ನಿಯಮವೆಂದರೆ ಬೇಗ ತೀರುವಳಿಯಾಗಬೇಕು, ಕೊಳೆಯಲು ಬಿಡಬಾರದು. ನನ್ನ "ಯಾವತ್ತಾದರೂ ಬೇಕಾಗುತ್ತದೆ" ಸಾಮಾನೆಲ್ಲ ಒಂದೇ ಡಬ್ಬಕ್ಕೆ ಹೋಯಿತು. ಮೇಲೆ ಮೊಮ್ಮಗಳು ತಾರೀಕು ಬರೆದು, "ಯುಗಾದಿಯವರೆಗೆ ಮಾತ್ರ" ಎಂದು ಬರೆದಳು. ಅಷ್ಟರೊಳಗೆ ತೆಗೆಯದೆ ಉಳಿದದ್ದು ಗುಜರಿಗೆ.

ನನ್ನ ಅಪ್ಪನ ಬೈರಿಗೆ ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ಬಂತು. ಹಗ್ಗ ಸುತ್ತಿ ಎಳೆದು ಮರಕ್ಕೆ ತೂತು ಕೊರೆಯುವ ಹಳೆಯ ಕಾಲದ ಸಾಧನ. ಕರೆಂಟಿನ ಡ್ರಿಲ್ ಬಂದ ಮೇಲೆ ನಾನು ಮುಟ್ಟಿಲ್ಲ. ನ್ಯಾಯವಾಗಿ ಸಸ್ಪೆನ್ಸಿಗೆ ಹೋಗಬೇಕು. ನಾನು ಸುಮ್ಮನೆ ಕೈಯಲ್ಲಿ ಹಿಡಿದುಕೊಂಡಿದ್ದೆ. ಮೊಮ್ಮಗ ಬಂದು ಅದರಲ್ಲಿ ಒಂದು ಚೂರು ಹಲಗೆಗೆ ತೂತು ಕೊರೆದು ನೋಡಿ, "ಇದು ಇರ್ಲಿ" ಎಂದ. ಇದ್ದಿತು.

ಮೊದಲು ವ್ಯವಸ್ಥೆ ಮಾಡಿದ್ದು ವಿಷಗಳಿಗೆ. ಹಳೆಯ ಕಬ್ಬಿಣದ ಗೋಡೆ ಕಪಾಟೊಂದನ್ನು ನನ್ನ ತಲೆಯ ಎತ್ತರಕ್ಕೆ ಗೋಡೆಗೆ ಬಿಗಿದು ಬೀಗ ಹಾಕಿದೆವು. ಬಣ್ಣ, ಥಿನ್ನರ್, ಗೆದ್ದಲಿನ ಔಷಧ, ಇಲಿ ಪಾಷಾಣ ಎಲ್ಲ ಅದರೊಳಗೆ, ತಂದ ಡಬ್ಬಿಯಲ್ಲಿಯೇ. ಮುಚ್ಚಳ ಕೆಟ್ಟಿದೆಯೇ, ಅದನ್ನು ಇಟ್ಟುಕೊಳ್ಳುವುದೇ ಬೇಡ. ತಿನ್ನುವ ಕುಡಿಯುವ ಪದಾರ್ಥದ ಬಾಟಲಿಗೆ ಇನ್ನೇನನ್ನೂ ತುಂಬಕೂಡದು, ಲೇಬಲ್ ಅಂಟಿಸಿದರೂ ಕೂಡದು. ಆರು ವರ್ಷದವನು ಬಾಟಲಿಯ ಆಕಾರ ನೋಡುತ್ತಾನೆ, ಲೇಬಲ್ ಓದುವುದಿಲ್ಲ. ಬ್ಯಾಂಕಿನ ತಿಜೋರಿಗೆ ಇಬ್ಬರ ಕೀಲಿ ಬೇಕು, ಒಬ್ಬರಿಂದ ತೆರೆಯಲಾಗದು. ನಮ್ಮ ಕಪಾಟಿಗೆ ಅಷ್ಟು ಬೇಡವೆಂದರೂ ಕೀಲಿ ನನ್ನ ಹತ್ತಿರ ಇಲ್ಲ. ಸೊಸೆಯ ಹತ್ತಿರ ಇದೆ. ನಾನೇ ಕೊಟ್ಟೆ. ಬೇಕಾದಾಗ ಕೇಳಿ ಪಡೆಯುತ್ತೇನೆ.

ಪೆಟ್ರೋಲು ಇಡುವುದನ್ನೇ ನಿಲ್ಲಿಸಿದೆ. ಅದರ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿಕೊಂಡು ದೂರದ ಕಿಡಿಯನ್ನೂ ಹುಡುಕಿಕೊಂಡು ಹೋಗುತ್ತದೆ. ಕಕ್ಕಸು ತೊಳೆಯುವ ಆಸಿಡ್ಡಿನದು ಇನ್ನೊಂದು ಕಥೆ. ಸ್ಪ್ಯಾನರುಗಳಲ್ಲಿ ಅರ್ಧ ಚೆನ್ನಾಗಿದ್ದವು, ಅರ್ಧಕ್ಕೆ ದಪ್ಪ ತುಕ್ಕು. ಒಂದೇ ಸೆಟ್ಟು, ಒಂದೇ ಶೆಲ್ಫು. ಯೋಚಿಸಿ ನೋಡಿದರೆ ತುಕ್ಕು ಹಿಡಿದವೆಲ್ಲ ಆಸಿಡ್ ಬಾಟಲಿಯ ಪಕ್ಕದವು. ಮುಚ್ಚಳ ಹಾಕಿದ್ದರೂ ಅದರ ಹೊಗೆ ಸ್ವಲ್ಪ ಸ್ವಲ್ಪ ಸೋರಿ ಸುತ್ತಲಿನ ಕಬ್ಬಿಣವನ್ನು ತಿನ್ನುತ್ತದೆ. ಅದನ್ನು ಉಪಕರಣಗಳ ಕೋಣೆಯಲ್ಲಿ ಇಡಲೇಬಾರದು. ಬ್ಲೀಚಿಂಗ್ ಪೌಡರಿನ ಜೊತೆಗಂತೂ ಇಡಬಾರದು. ಎರಡೂ ಬೆರೆತರೆ ಕ್ಲೋರಿನ್ ಅನಿಲ ಹೊರಡುತ್ತದೆ, ಉಸಿರು ಕಟ್ಟಿಸುವ ಅನಿಲ. ನನ್ನ ಶೆಡ್ಡಿನಲ್ಲಿ ಅವೆರಡೂ ಅಕ್ಕಪಕ್ಕ ಕೂತಿದ್ದವು ಎಂದು ಬರೆಯಲು ನಾಚಿಕೆಯಾಗುತ್ತದೆ.

ಇನ್ನೊಂದು ಮಾತು, ಮರದ ಕೆಲಸ ಮಾಡುವವರಿಗೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಆ ಬಿಸಿಗೆ ದಾರಿಯಿಲ್ಲದೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ತಂತಿಯ ಮೇಲೆ ಹರವಿ ಒಣಗಿಸಬೇಕು.

ಇನ್ನು ಉಪಕರಣಗಳು. ಎಂಟು ಅಡಿಗೆ ನಾಲ್ಕು ಅಡಿಯ ಒಂದು ಪ್ಲೈವುಡ್ ಹಾಳೆ ತಂದೆವು. ನೇರ ಗೋಡೆಗೆ ಹೊಡೆದರೆ ಮಲೆನಾಡಿನ ಮಳೆಗಾಲದಲ್ಲಿ ಗೋಡೆ ಕುಡಿದ ನೀರೆಲ್ಲ ಅದಕ್ಕೆ ಇಳಿಯುತ್ತದೆ. ಆದ್ದರಿಂದ ಹಿಂದೆ ಮರದ ರೀಪು ಕೊಟ್ಟು ಎರಡು ಬೆರಳು ಅಂತರ ಬಿಟ್ಟು ನಿಲ್ಲಿಸಿದೆವು. ನಿಲ್ಲಿಸುವ ಮೊದಲು ನೆಲದ ಮೇಲೆ ಹಾಸಿ, ಅದರ ಮೇಲೆ ಸುತ್ತಿಗೆ, ಇಕ್ಕಳ, ಗರಗಸ, ಉಳಿ, ಅರ ಎಲ್ಲವನ್ನೂ ಇಟ್ಟು ನೋಡಿ, ಸರಿಯೆನಿಸಿದ ಮೇಲೆ ಮೊಳೆ ಹೊಡೆದು, ಪ್ರತಿಯೊಂದರ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಗೆರೆಯ ಮೇಲೆ ಕಪ್ಪು ಬಣ್ಣ ಬಳಿದಳು ಮೊಮ್ಮಗಳು. ಈಗ ಸುತ್ತಿಗೆ ಇಲ್ಲದಿದ್ದರೆ ಸುತ್ತಿಗೆಯ ನೆರಳು ಅಲ್ಲಿ ಕೂತು ಕೂಗುತ್ತದೆ. ಓದಲು ಬಾರದ ಮಗುವೂ ಸರಿಯಾದ ಜಾಗಕ್ಕೆ ಸಿಕ್ಕಿಸಬಲ್ಲದು. ಹರಿತವಾದದ್ದೆಲ್ಲ ಮೇಲೆ, ಭಾರವಾದದ್ದು ಕೆಳಗೆ. ಕೆಳಗಿನ ಮೂಲೆಯಲ್ಲಿ ಮೊಮ್ಮಗನ ಎತ್ತರಕ್ಕೆ ಅವನದೇ ಒಂದು ಸಣ್ಣ ಸುತ್ತಿಗೆ, ಒಂದು ಸ್ಕ್ರೂಡ್ರೈವರ್, ಸೈಕಲ್ ಪಂಪು. ಏನನ್ನೂ ಮುಟ್ಟಬೇಡ ಎಂದರೆ ಮಕ್ಕಳು ಎಲ್ಲವನ್ನೂ ಮುಟ್ಟುತ್ತಾರೆ. ಇದನ್ನು ಮುಟ್ಟು ಎಂದು ಕೊಟ್ಟರೆ ಸ್ವಲ್ಪ ಕಡಿಮೆ.

ಹಲಗೆ ಎದ್ದು ನಿಂತಾಗ ಎಷ್ಟು ಚೆಂದ ಕಂಡಿತೆಂದರೆ ಬೀದಿಯವರನ್ನೆಲ್ಲ ಕರೆದು ತೋರಿಸಿದೆ. ಸ್ಪ್ಯಾನರುಗಳು ಶಾಲೆಯ ಪ್ರಾರ್ಥನೆಗೆ ನಿಂತಂತೆ ಗಿಡ್ಡದಿಂದ ಉದ್ದಕ್ಕೆ. ಮಾರನೆಯ ದಿನವೇ ಬಚ್ಚಲಮನೆಯ ನಲ್ಲಿ ಸೋರಿತು. ಪೈಪ್ ರೆಂಚ್ ಹಲಗೆಯ ಬಲತುದಿಯಲ್ಲಿ, ವಾಷರು ಎಡಗಡೆಯ ಡಬ್ಬಿಯಲ್ಲಿ, ಟೆಫ್ಲಾನ್ ಟೇಪು ಎಲ್ಲ ಟೇಪುಗಳ ಜೊತೆ ಇನ್ನೊಂದು ಕಡೆ. ನಾಲ್ಕು ಸಲ ಓಡಾಡಿದೆ, ಮಂಡಿ ನೋವು ಬೇರೆ. ಜಾತಿವಾರು ಜೋಡಿಸಿದರೆ ನೋಡಲು ಚೆಂದ, ಕೆಲಸಕ್ಕೆ ಅಲ್ಲ ಎಂದು ಅಂದು ಗೊತ್ತಾಯಿತು. ಬ್ಯಾಂಕಿನಲ್ಲೂ ಹಾಗೇ ಅಲ್ಲವೇ? ಒಬ್ಬ ಗ್ರಾಹಕ ಬಂದು ನಾಲ್ಕು ಕೌಂಟರು ಸುತ್ತಿದರೆ ಅವನು ಬೈಯುವುದು ನಮ್ಮನ್ನೇ. ಪದೇಪದೇ ಬರುವ ಕೆಲಸಗಳಿಗೆ ಒಂದೊಂದು ಹಿಡಿಕೆಯ ಪೆಟ್ಟಿಗೆ ಮಾಡಿದೆವು. ನಲ್ಲಿ ಪೆಟ್ಟಿಗೆ, ಕರೆಂಟು ಪೆಟ್ಟಿಗೆ, ಪಂಕ್ಚರ್ ಪೆಟ್ಟಿಗೆ. ಆಯಾ ಕೆಲಸಕ್ಕೆ ಬೇಕಾದ್ದೆಲ್ಲ ಒಂದೇ ಕಡೆ, ಎತ್ತಿಕೊಂಡು ಹೋಗುವುದಷ್ಟೇ. ಮಿಕ್ಕಿದ್ದು ಹಲಗೆಯ ಮೇಲೆ. ಅಂದು ನನ್ನ ಹೆಂಡತಿ, "ನನ್ನ ಒಗ್ಗರಣೆ ಡಬ್ಬಿ ನಲವತ್ತು ವರ್ಷದಿಂದ ಹಾಗೇ ಇದೆಯಲ್ಲ, ನೋಡಿರಲಿಲ್ವಾ?" ಎಂದಳು. ಸಾಸಿವೆ, ಜೀರಿಗೆ, ಮೆಂತ್ಯ, ಅರಿಶಿನ ಒಂದೇ ಡಬ್ಬಿಯಲ್ಲಿ. ದಿನಾ ನೋಡುತ್ತಿದ್ದೆ.

ಮೊಳೆ, ಸ್ಕ್ರೂ, ನಟ್ಟು ಬೋಲ್ಟುಗಳಿಗೆ ಹಳೆಯ ಉಪಾಯವೇ ಸಾಕು. ತಿರುಗಿಸುವ ಮುಚ್ಚಳದ ಪ್ಲಾಸ್ಟಿಕ್ ಭರಣಿಗಳ ಮುಚ್ಚಳವನ್ನು ಶೆಲ್ಫಿನ ಅಡಿಗೆ ಸ್ಕ್ರೂ ಹೊಡೆದು ಕೂರಿಸಿ, ಭರಣಿಯನ್ನು ಕೆಳಗಿನಿಂದ ತಿರುಗಿಸಿದರೆ ನೇತಾಡುತ್ತದೆ. ಒಳಗೇನಿದೆ ಎಂದು ಹೊರಗಿನಿಂದಲೇ ಕಾಣುತ್ತದೆ. ಗಾಜಿನದು ಬೇಡ. ರಟ್ಟಿನ ಪೆಟ್ಟಿಗೆಯೂ ಬೇಡ, ನಮ್ಮ ಕಡೆ ಅದು ಗೆದ್ದಲಿಗೆ ಬಡಿಸಿಟ್ಟ ಎಲೆ. ಅರಗಳನ್ನು ಒಂದರ ಮೇಲೊಂದು ಪೇರಿಸಬಾರದು, ಹಲ್ಲಿಗೆ ಹಲ್ಲು ಉಜ್ಜಿ ಮೊಂಡಾಗುತ್ತವೆ. ತುಕ್ಕಿಗೆ ಕೊಬ್ಬರಿ ಎಣ್ಣೆ ಸವರುವ ಅಭ್ಯಾಸ ನನ್ನದೂ ಇತ್ತು. ಅದು ಚಳಿಗೆ ಗಟ್ಟಿಯಾಗಿ, ಬರುಬರುತ್ತಾ ಅಂಟಾಗಿ, ಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ. ಹೊಲಿಗೆ ಯಂತ್ರದ ಎಣ್ಣೆಯನ್ನು ಬಟ್ಟೆಗೆ ಹಾಕಿ ತೆಳ್ಳಗೆ ಒರೆಸಿದರೆ ಸಾಕು. ಅಪ್ಪ ಉಳಿಗಳ ಪೆಟ್ಟಿಗೆಯಲ್ಲಿ ಕರ್ಪೂರ ಇಡುತ್ತಿದ್ದರು. ದೇವರ ಕರ್ಪೂರ ಯಾಕೆ ಅಲ್ಲಿ ಎಂದು ನಾವು ನಗುತ್ತಿದ್ದೆವು. ಅದರ ಆವಿ ಲೋಹದ ಮೇಲೆ ತೆಳುವಾಗಿ ಕೂತು ತುಕ್ಕನ್ನು ದೂರವಿಡುತ್ತದೆ ಎನ್ನುವುದು ಬಡಗಿಗಳ ಹಳೆಯ ಅನುಭವ. ನಾನೂ ಈಗ ಎರಡು ಬಿಲ್ಲೆ ಇಟ್ಟಿದ್ದೇನೆ.

ಇಷ್ಟೆಲ್ಲ ಮಾಡಿದರೂ ಒಂದು ವಾರದಲ್ಲಿ ಹಲಗೆಯ ಮೇಲೆ ನೆರಳುಗಳೇ ಹೆಚ್ಚಾದವು. ಕತ್ತರಿ ಎಲ್ಲಿ? ಯಾರೂ ತೆಗೆದಿಲ್ಲ. ಟೇಪು? ಯಾರೂ ತೆಗೆದಿಲ್ಲ. ಜೋಡಿಸುವುದು ಸುಲಭ, ಜೋಡಿಸಿದ್ದು ಹಾಗೇ ಉಳಿಯುವುದು ಕಷ್ಟ. ಆಗ ನನಗೆ ಟೋಕನ್ ನೆನಪಾಯಿತು.

ಮಕ್ಕಳೇ, ನಿಮಗೆ ಎಟಿಎಂ ಗೊತ್ತು, ಫೋನಿನಲ್ಲಿ ಹಣ ಕಳಿಸುವುದು ಗೊತ್ತು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಬ್ಯಾಂಕಿಗೆ ಬಂದು ಚೆಕ್ಕು ಕೊಟ್ಟರೆ ನಂಬರು ಕೊರೆದ ಒಂದು ಹಿತ್ತಾಳೆ ಬಿಲ್ಲೆ ಕೊಡುತ್ತಿದ್ದೆವು. ಚೆಕ್ಕು ಒಳಗೆ ಲೆಡ್ಜರು, ಅಧಿಕಾರಿ ಎಂದು ಸುತ್ತಿ ಕ್ಯಾಷಿಯರ್ ಬಳಿ ಬಂದಾಗ ಅವರು ನಂಬರು ಕೂಗುವರು. ಬಿಲ್ಲೆ ವಾಪಸ್ ಕೊಟ್ಟವರಿಗೇ ಹಣ. ಸಂಜೆ ಬಿಲ್ಲೆಗಳನ್ನು ಎಣಿಸಿ ಒಂದು ಕಡಿಮೆಯಾದರೆ ಎಲ್ಲರ ಮುಖ ಬಾಡುತ್ತಿತ್ತು. ದೊಡ್ಡ ಕಾರ್ಖಾನೆಗಳ ಟೂಲ್ ರೂಮಿನಲ್ಲೂ ಇದೇ ಪದ್ಧತಿ. ಕೆಲಸಗಾರ ತನ್ನ ನಂಬರಿನ ಬಿಲ್ಲೆ ಕೊಟ್ಟು ಉಪಕರಣ ಪಡೆಯುತ್ತಾನೆ, ಉಪಕರಣ ಇದ್ದ ಗೂಟಕ್ಕೆ ಬಿಲ್ಲೆ ನೇತುಹಾಕುತ್ತಾರೆ. ಯಾರ ಹತ್ತಿರ ಇದೆ ಎಂದು ಗೂಟವೇ ಹೇಳುತ್ತದೆ.

ಪ್ಲೈವುಡ್ಡಿನ ಚೂರುಗಳಿಂದ ಬಿಲ್ಲೆ ಕತ್ತರಿಸಿದೆವು. ಮನೆಯ ಒಬ್ಬೊಬ್ಬರಿಗೂ ಒಂದು ಬಣ್ಣ, ತಲಾ ಮೂರು ಬಿಲ್ಲೆ. ನನ್ನದು ನೀಲಿ, ಮಗನದು ಹಸಿರು, ಸೊಸೆಯದು ಹಳದಿ, ಹೆಂಡತಿಯದು ಕೆಂಪು. ಮಕ್ಕಳು ಚುಕ್ಕಿ, ಗೆರೆ ಎಂದು ತಮಗೆ ಬೇಕಾದಂತೆ ಬರೆದುಕೊಂಡರು. ಅಕ್ಕಪಕ್ಕದವರು ಏಣಿ ಕೇಳಿದರೆ ಅದಕ್ಕೆ ಒಂದು ಬಿಳಿ ಬಿಲ್ಲೆ, ಅದರ ಮೇಲೆ ಪೆನ್ಸಿಲಿನಲ್ಲಿ ಹೆಸರು. ಏನು ತೆಗೆದರೂ ಆ ನೆರಳಿನ ಮೇಲೆ ಬಿಲ್ಲೆ ತೂಗಬೇಕು. ಮೂರೂ ಖರ್ಚಾದವರು ಒಂದನ್ನು ತಂದಿಟ್ಟ ಮೇಲೆಯೇ ನಾಲ್ಕನೆಯದನ್ನು ಮುಟ್ಟಬಹುದು. ಮೊದಲ ದಿನ ಮೂರೂ ಖರ್ಚಾಗಿ ಸಿಕ್ಕಿಬಿದ್ದವನು ನಾನೇ. ಮೊಮ್ಮಗ ಸೊಂಟಕ್ಕೆ ಕೈಯಿಟ್ಟು ನಿಂತು, "ಅಜ್ಜ, ಮೊದ್ಲು ಉಳಿ ತಂದಿಡು" ಎಂದ.

ಆಯುಧ ಪೂಜೆಗೆ ಹಿಂದೆಲ್ಲ ಸ್ಕೂಟರ್ ತೊಳೆದು ಹಾರ ಹಾಕಿ, ಕೈಗೆ ಸಿಕ್ಕ ನಾಲ್ಕು ಉಪಕರಣ ತಟ್ಟೆಯಲ್ಲಿಟ್ಟು ಕುಂಕುಮ ಹಚ್ಚಿ ಮುಗಿಸುತ್ತಿದ್ದೆವು. ಸಿಕ್ಕದವುಗಳಿಗೆ ಪೂಜೆಯೂ ಇರಲಿಲ್ಲ. ಈ ಸಲ ಹಲಗೆಯ ಮುಂದೆಯೇ ದೀಪ ಹಚ್ಚಿದೆವು. ಬೈರಿಗೆಗೆ ಒಂದು ಚೆಂಡುಹೂ. ಮಗ ಶಟರಿನ ಹತ್ತಿರ ನಿಂತು ಎಲ್ಲ ನೋಡಿದ. ಬೀಗ ಹಾಕಿದ ಕಪಾಟನ್ನು ಒಮ್ಮೆ ಎಳೆದು ನೋಡಿದ. ಬೂದುಗುಂಬಳಕಾಯಿ ಒಡೆದು ಬಂದ ಮೇಲೆ ತನ್ನ ಹಸಿರು ಬಿಲ್ಲೆ ತೂಗಿಹಾಕಿ ಸ್ಪ್ಯಾನರ್ ತೆಗೆದುಕೊಂಡು ಸೈಕಲ್ಲಿನ ಸೀಟು ಎತ್ತರಿಸಲು ಕೂತ. ಗುಜರಿಯವನ ಮಾತು ಮತ್ತೆ ಬರಲಿಲ್ಲ.

ಪತ್ರಿಕೆ ಓದುತ್ತಿರುವ ಮಕ್ಕಳಿಗೆ ಒಂದು ಕೆಲಸ. ನಿಮ್ಮ ಮನೆಯ ಶೆಡ್ಡು, ಅಟ್ಟ, ಬಚ್ಚಲ ಮೂಲೆ, ಅಡಿಗೆಮನೆ ಸಿಂಕಿನ ಅಡಿ ಇಷ್ಟು ಕಡೆ ಜ್ಯೂಸಿನ ಅಥವಾ ನೀರಿನ ಬಾಟಲಿ ಕಂಡರೆ ಮುಟ್ಟಬೇಡಿ, ಮೂಸಬೇಡಿ. ದೊಡ್ಡವರನ್ನು ಕರೆದು ಇದರಲ್ಲಿ ಏನಿದೆ ಎಂದು ಕೇಳಿ. ಎಷ್ಟು ಸಿಕ್ಕವು ಎಂದು ನನಗೆ ಬರೆಯಿರಿ.

ನಮ್ಮ ಮನೆಯಲ್ಲಿ ಈಗ ಒಂದೇ ಒಂದು ಬಾಕಿ ಇದೆ. ಇಕ್ಕಳದ ನೆರಳಿನ ಮೇಲೆ ಹದಿನಾರು ದಿನದಿಂದ ಒಂದು ಕೆಂಪು ಬಿಲ್ಲೆ ತೂಗುತ್ತಿದೆ. ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆಯಲು ಒಳಗೆ ಹೋದದ್ದು ಅಡಿಗೆಮನೆಯಲ್ಲೇ ಉಳಿದಿದೆ. ಬ್ಯಾಂಕಿನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಜ್ಞಾಪನ ಪತ್ರ ಹೋಗಬೇಕಿತ್ತು. ಮೊಮ್ಮಗಳು ಬರೆದೂ ಆಗಿದೆ, ನನ್ನ ಸಹಿಗೆ ತಂದಿಟ್ಟಿದ್ದಾಳೆ. ನಾನು ಇನ್ನೂ ಪೆನ್ನು ಹುಡುಕುತ್ತಿದ್ದೇನೆ.